ಕುದುರೆ ಕುಂಟಿದಾಗ: ಜೀನು ಇಳಿಸಿದ ಹೊತ್ತಿನಿಂದ ಮತ್ತೆ ಹತ್ತುವ ದಿನದವರೆಗೆ

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಮನೆಯ ಮುಂದೆ ಕುದುರೆ ಕಟ್ಟಿರುತ್ತದೆ. ಕೆಲವರದು ವರಾತಕ್ಕೆ (ಮದುವೆ ಮೆರವಣಿಗೆಗೆ), ಕೆಲವರದು ಜಾತ್ರೆಗೆ, ಇನ್ನು ಕೆಲವರದು ಸುಮ್ನೆ ಹವ್ಯಾಸಕ್ಕೆ. ದೀಪಾವಳಿ ಹೊತ್ತಿಗೆ ಅಕಲೂಜದ ಕುದುರೆ ಬಜಾರಿಗೆ ಹೋಗಿ, ಆಸೆಪಟ್ಟು ಕೊಂಡು ತಂದವರಿದ್ದಾರೆ. ಆದರೆ ಅದು ಕುಂಟಿದ ದಿನ ಏನು ಮಾಡಬೇಕೆಂದು ತೋಚುವುದಿಲ್ಲ. ಎತ್ತಿನ ಕಾಲು ನೋಡಬಲ್ಲವರು ಊರಿಗೆ ಹತ್ತು ಜನ ಸಿಗುತ್ತಾರೆ. ಕುದುರೆಯ ಕಾಲು ನೋಡಬಲ್ಲವರು ಒಬ್ಬರು ಸಿಕ್ಕರೆ ಪುಣ್ಯ.

ಎಂಟು ವರ್ಷದ ಹಿಂದೆ ನನ್ನ ಕುದುರೆ ಬಿಜಲಿ ಹೊಲದ ಬದು ದಾಟುವಾಗ ಮುಂದಿನ ಬಲಗಾಲು ಹೊರಳಿಸಿಕೊಂಡಿತು. ನಾನು ನೋವಿನ ಗುಳಿಗೆ ತಂದು ಎರಡು ದಿನ ಕೊಟ್ಟೆ. ಕುಂಟು ನಿಂತಿತು. ನಾಲ್ಕನೇ ದಿನ ಒಂದು ಮದುವೆಗೆ ಮಾತು ಕೊಟ್ಟಾಗಿತ್ತು, ಹೋದೆ. ಡಾಂಬರು ರಸ್ತೆಯಲ್ಲಿ ಬ್ಯಾಂಡಿನ ಮುಂದೆ ಮೂರು ತಾಸು ಕುಣಿಸಿದ್ದಾಯಿತು. ಮರುದಿನ ಬೆಳಿಗ್ಗೆ ಅದಕ್ಕೆ ಆ ಕಾಲು ಊರಲು ಆಗಲಿಲ್ಲ. ಬೇಗ ಮಾಯಬಹುದಾಗಿದ್ದ ಪೆಟ್ಟಿಗೆ 11 ತಿಂಗಳು ಬೇಕಾಯಿತು. ಆ 11 ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಕಾಲು ಅಂತ ತಿಳಿಯಿರಿ

ನಡಿಗೆ ತಪ್ಪಿತು ಅನಿಸಿದ ಕೂಡಲೇ ಕೆಳಗೆ ಇಳಿಯಿರಿ. ಮನೆ ಹತ್ತಿರವೇ ಇದೆ ಅಂತ ಹತ್ತಿಕೊಂಡೇ ಹೋಗಬೇಡಿ. ಜೀನು ಇಳಿಸಿ. ಕುದುರೆ ಕಾಲನ್ನು ನೆಲಕ್ಕೆ ಊರುತ್ತಲೇ ಇಲ್ಲ, ಅಥವಾ ಕಾಲು ಸೊಟ್ಟಗೆ ಕಾಣುತ್ತಿದೆ ಅಂದರೆ ಒಂದು ಹೆಜ್ಜೆಯನ್ನೂ ಇಡಿಸಬೇಡಿ. ಮೂಳೆ ಮುರಿದಿರಬಹುದು. ಡಾಕ್ಟರನ್ನೇ ಅಲ್ಲಿಗೆ ಕರೆಸಿ.

ಅಷ್ಟು ಜೋರು ಇಲ್ಲದಿದ್ದರೆ ಗಟ್ಟಿಯಾದ ಸಮತಟ್ಟು ನೆಲಕ್ಕೆ ತನ್ನಿ. ಒಬ್ಬರು ಹಗ್ಗವನ್ನು ಸಡಿಲವಾಗಿ ಹಿಡಿದು ಇಪ್ಪತ್ತು ಹೆಜ್ಜೆ ನಡೆಸಲಿ. ನಂತರ ದುಡಕಿಯಲ್ಲಿ, ಅಂದರೆ ನಡಿಗೆಗಿಂತ ಒಂದು ಮೆಟ್ಟಿಲು ಮೇಲಿನ ಆ ಲಯದ ಓಟದಲ್ಲಿ ಕರೆದುಕೊಂಡು ಬರಲಿ. ನೀವು ದೂರ ನಿಂತು ನೋಡಿ. ಬಿಜಲಿಗೆ ನಾಲು (ಲಾಳ) ಹೊಡೆಯಲು ಬರುತ್ತಿದ್ದ ಚಾಚಾ ನನಗೆ ಹೇಳಿದ ಮಾತು ಇದು: “ತಮ್ಮಾ, ಕಾಲ ನೋಡಬ್ಯಾಡ, ತಲಿ ನೋಡು.” ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ಕುದುರೆ ತಲೆ ಮೇಲೆತ್ತುತ್ತದೆ. ಒಳ್ಳೆಯ ಕಾಲು ತಾಗಿದಾಗ ತಲೆ ಬಗ್ಗಿಸುತ್ತದೆ. ಬಹಳ ಜನ ಇದನ್ನು ಉಲ್ಟಾ ತಿಳಿದು, ಒಳ್ಳೆಯ ಕಾಲಿಗೆ ಪಟ್ಟಿ ಕಟ್ಟುತ್ತಾರೆ. ಹಿಂಗಾಲಿನ ನೋವಾದರೆ ಹಿಂದೆ ನಿಂತು ಎರಡೂ ಪೃಷ್ಠ ನೋಡಿ. ನೋವಿರುವ ಬದಿ ಜಾಸ್ತಿ ಏರಿಳಿಯುತ್ತದೆ.

ಮೈಭಾರದಲ್ಲಿ ನೂರಕ್ಕೆ ಸುಮಾರು 60 ಪಾಲನ್ನು ಮುಂಗಾಲುಗಳೇ ಹೊರುತ್ತವೆ. ಅದಕ್ಕೇ ಕುಂಟು ಬರುವುದು ಅಲ್ಲೇ ಜಾಸ್ತಿ. ಅದರಲ್ಲೂ ಬಹುಪಾಲು ತೊಂದರೆ ಗೊರಸಿನಲ್ಲಿ ಇರುತ್ತದೆ. ಭುಜ ಉಜ್ಜುವ ಮೊದಲು ಗೊರಸು ನೋಡಿ.

ಗೊರಸು ಎತ್ತಿ ನೋಡುವುದು

ಕಾಲು ಎತ್ತಿ ಕೊಕ್ಕೆಯಿಂದ ಮಣ್ಣು, ಸಗಣಿ ತೆಗೆಯಿರಿ. ಕಲ್ಲು ಸಿಕ್ಕಿದೆಯಾ? ನಾಲು ಸಡಿಲಾಗಿದೆಯಾ? ಇತ್ತೀಚೆಗೆ ನಾಲು ಹೊಡೆಸಿದ್ದರೆ ಯಾವುದಾದರೂ ಮೊಳೆ ಒಳಗಿನ ಜೀವದ ಭಾಗಕ್ಕೆ ತಾಗಿರಬಹುದು. ದಾರಿಯ ಮೊಳೆಯೋ ತಂತಿಯೋ ಗೊರಸಿನ ನಡುವೆ ಚುಚ್ಚಿಕೊಂಡಿದ್ದರೆ ಅದನ್ನು ಕೀಳಬೇಡಿ. ಇದು ವಿಚಿತ್ರ ಅನಿಸಬಹುದು. ಆದರೆ ಮೊಳೆ ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಅಂತ ಡಾಕ್ಟರು ಎಕ್ಸ್‌ರೇಯಲ್ಲಿ ನೋಡಬೇಕು. ಅದು ಇನ್ನೂ ಒಳಗೆ ಹೋಗದಂತೆ ಸುತ್ತ ದಪ್ಪಗೆ ಬಟ್ಟೆ ಕಟ್ಟಿ. ಕೀಳದೆ ದಾರಿಯೇ ಇಲ್ಲ ಅಂದರೆ ಮೊದಲು ಫೋನಿನಲ್ಲಿ ಫೋಟೊ ತೆಗೆದಿಡಿ.

ಆಮೇಲೆ ಅಂಗೈಯನ್ನು ಗೊರಸಿನ ಗೋಡೆಗೆ ಒತ್ತಿ, ಇನ್ನೊಂದು ಕಾಲಿನ ಗೊರಸಿಗೆ ಹೋಲಿಸಿ. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಸುಳಿವು ಸಿಕ್ಕಿತು. ಕೆಳಗಿನ ಗಿಣ್ಣಿನ, ಅಂದರೆ ಗೊರಸಿನ ಮೇಲಿನ ಕೀಲಿನ ಹಿಂಭಾಗದಲ್ಲಿ, ಎರಡೂ ಪಕ್ಕಕ್ಕೆ ಬೆರಳಿಟ್ಟರೆ ನಾಡಿ ಸಿಗುತ್ತದೆ. ಗಟ್ಟಿಮುಟ್ಟಾದ ಕುದುರೆಯಲ್ಲಿ ಅದನ್ನು ಹುಡುಕುವುದೇ ಕಷ್ಟ. ಗೊರಸಿನ ಒಳಗೆ ಉರಿ ಇದ್ದರೆ ನಾಡಿ ಬೆರಳಿಗೆ ಬಡಿಯುತ್ತದೆ. ಕುದುರೆ ಚೆನ್ನಾಗಿರುವಾಗಲೇ ದಿನಾ ಮುಟ್ಟಿ ಅಭ್ಯಾಸ ಮಾಡಿಕೊಳ್ಳಿ, ಇಲ್ಲದಿದ್ದರೆ ಕಷ್ಟ ಬಂದ ದಿನ ಬೆರಳಿಗೆ ಏನೂ ತಿಳಿಯುವುದಿಲ್ಲ.

ಜ್ವರವನ್ನೂ ನೋಡಿ. ದೊಡ್ಡ ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಿಮಿಷಕ್ಕೆ 28ರಿಂದ 44 ನಾಡಿಬಡಿತ ಇರುವುದು ಸಹಜ. ಈ ಅಂಕಿಗಳನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ಫೋನಿನಲ್ಲೇ ಹೇಳಿದರೆ ಅವರಿಗೆ ಅರ್ಧ ಚಿತ್ರ ಸಿಗುತ್ತದೆ.

ಹೆಚ್ಚಾಗಿ ಕಾಣುವ ಮೂರು ತೊಂದರೆ

ಗೊರಸಿನ ಒಳಗೆ ಕೀವು: ನಿನ್ನೆ ಚೆನ್ನಾಗಿದ್ದ ಕುದುರೆ ಇವತ್ತು ಕಾಲೇ ಊರುವುದಿಲ್ಲ. ಮುರಿದೇ ಹೋಯಿತು ಅಂತ ಮನೆಯವರು ಅಳುತ್ತಾರೆ. ಬಹಳ ಸಲ ಅದು ಕೀವೇ ಆಗಿರುತ್ತದೆ. ಡಾಕ್ಟರೋ ನಾಲು ಹೊಡೆಯುವ ಅನುಭವಸ್ಥ ನಾಲಬಂದರೋ ಸಣ್ಣ ತೂತು ಮಾಡಿ ಕೀವು ಹರಿಸಿದರೆ ಬೇಗ ಆರಾಮ. ಅದಾದ ಮೇಲಿನ ಕೆಲಸ ನಮ್ಮದು. ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಸಾಲ್ಟ್ ಹಾಕಿ ದಿನಕ್ಕೆ ಎರಡು ಸಲ, 15–20 ನಿಮಿಷ ಗೊರಸು ಅದ್ದಿಸಿ. ಒರೆಸಿ, ಮಕ್ಕಳ ಡೈಪರು ಸುತ್ತಿ, ಮೇಲೆ ಅಗಲ ಟೇಪು ಹಾಕಿ. ಕೊಳೆ ಒಳಗೆ ಹೋಗದಂತೆ ತಡೆಯಲು ಇದಕ್ಕಿಂತ ಸಸ್ತಾ ಉಪಾಯ ನಾನು ಕಂಡಿಲ್ಲ. ಧನುರ್ವಾಯು ಲಸಿಕೆ ಆಗಿದೆಯಾ ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ. ಸಾಕುಪ್ರಾಣಿಗಳಲ್ಲಿ ಆ ರೋಗಕ್ಕೆ ಬೇಗ ಬಲಿಯಾಗುವುದು ಕುದುರೆಯೇ.

ಹಿಂದಿನ ನರದ ಪೆಟ್ಟು: ಮೊಣಕಾಲಿನಿಂದ ಗಿಣ್ಣಿನವರೆಗೆ ಕಾಲಿನ ಹಿಂದೆ ಇಳಿಯುವ ಗಟ್ಟಿ ಹುರಿಯನ್ನು ನಾವು ನರ ಅನ್ನುತ್ತೇವೆ. ಅದು ಎಳೆದರೆ ಆ ಜಾಗ ಊದಿ ಬಿಲ್ಲಿನಂತೆ ಹೊರಗೆ ಬಾಗುತ್ತದೆ, ಬಿಸಿಯಾಗುತ್ತದೆ. ಮೊದಲ ಎರಡು ದಿನ ತಣ್ಣೀರೇ ಔಷಧ. ಪೈಪಿನಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ನೀರು ಬಿಡಿ. ನಮ್ಮ ಕಡೆ ನೀರಿನ ತಾಪತ್ರಯ ಗೊತ್ತೇ ಇದೆ. ಹಾಲಿನ ಡೇರಿಯಿಂದ ಐಸ್ ತಂದು, ಬಟ್ಟೆಯಲ್ಲಿ ಸುತ್ತಿ ಇಟ್ಟರೂ ನಡೆಯುತ್ತದೆ. ನಂತರ ದಪ್ಪ ಹತ್ತಿ ಪದರ ಇಟ್ಟು ಪಟ್ಟಿ ಕಟ್ಟಿ. ಹತ್ತಿ ಇಲ್ಲದೆ ಬರೀ ಪಟ್ಟಿ ಬಿಗಿದರೆ ಇನ್ನೊಂದು ಗಾಯ ಆಗುತ್ತದೆ. ದಿನಾ ಬಿಚ್ಚಿ ನೋಡಿ ಮತ್ತೆ ಕಟ್ಟಿ. ಬಿಸಿ ಇರುವ ಹುರಿಗೆ ಎಣ್ಣೆ ತಿಕ್ಕುವುದು, ಬಿಸಿ ಇಟ್ಟಿಗೆ ಶಾಖ ಕೊಡುವುದು ಬೇಡ. ಕಾಸಿದ ಕಬ್ಬಿಣದಿಂದ ಬರೆ ಎಳೆಯುವುದಂತೂ ಬೇಡವೇ ಬೇಡ. ಅದರಿಂದ ಹುರಿ ಕೂಡುವುದಿಲ್ಲ, ಮೂಕಪ್ರಾಣಿಗೆ ಎರಡನೇ ನೋವು ಅಷ್ಟೇ.

ಗೊರಸಿನ ಉರಿ: ಕಾಳಿನ ಚೀಲ ಬಿಚ್ಚಿ ತಿಂದ ಕುದುರೆಗೆ, ದಾಣಿ (ಕಾಳಿನ ಮೇವು) ಜಾಸ್ತಿಯಾದ ಕುದುರೆಗೆ ಇದು ಬರುತ್ತದೆ. ಎರಡೂ ಮುಂಗಾಲು ಮುಂದೆ ಚಾಚಿ, ಭಾರ ಹಿಂದಕ್ಕೆ ಹಾಕಿ ನಿಲ್ಲುತ್ತದೆ. ತಿರುಗಲು ಒಲ್ಲೆನ್ನುತ್ತದೆ. ಇದು ತುರ್ತು. ಒಳಗಿನ ಮೂಳೆಯನ್ನು ಹಿಡಿದಿರುವ ಪದರ ಬಿಟ್ಟರೆ ಮೂಳೆಯೇ ಕೆಳಗೆ ಇಳಿಯುತ್ತದೆ. ದಾಣಿ ಪೂರ್ತಿ ನಿಲ್ಲಿಸಿ, ಗೊರಸುಗಳನ್ನು ಐಸ್ ನೀರಿನಲ್ಲಿ ಇಡಿ, ಮೆತ್ತನೆ ನೆಲ ಮಾಡಿಕೊಡಿ, ಅದೇ ರಾತ್ರಿ ಡಾಕ್ಟರನ್ನು ಕರೆಸಿ. ನಡೆಸಿದರೆ ಸಡಿಲಾಗುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ.

ಡಾಕ್ಟರು, ಔಷಧ

1962ಕ್ಕೆ ಫೋನ್ ಮಾಡಿದರೆ ಸರಕಾರದ ಪಶುವೈದ್ಯ ಸೇವೆಗೆ ಸಂಪರ್ಕ ಸಿಗುತ್ತದೆ. ಸ್ಥಳೀಯ ಡಾಕ್ಟರಿಗೆ ಬಗೆಹರಿಯದಿದ್ದರೆ ಸಾತಾರಾ ಜಿಲ್ಲೆಯ ಶಿರವಳದಲ್ಲಿ ಪಶುವೈದ್ಯ ಕಾಲೇಜಿದೆ. ಹುರಿಯ ಪೆಟ್ಟಿಗೆ ಅಲ್ಟ್ರಾಸೌಂಡ್ ಮಾಡಿಸುವುದು ಒಳ್ಳೆಯದು. ಹುರಿ ಎಷ್ಟು ಹರಿದಿದೆ ಅಂತ ಹೊರಗಿನಿಂದ ಯಾರಿಗೂ ಹೇಳಲು ಬರುವುದಿಲ್ಲ.

ನೋವಿನ ಔಷಧವನ್ನು ನಾನು ಮಾಡಿದಂತೆ ಸ್ವಂತವಾಗಿ ಕೊಡಬೇಡಿ. ಫಿನೈಲ್‌ಬ್ಯೂಟಾಜೋನ್, ಫ್ಲುನಿಕ್ಸಿನ್‌ನಂಥವು ಒಳ್ಳೆಯ ಔಷಧಗಳೇ. ಆದರೆ ಪ್ರಮಾಣ ಮೀರಿದರೆ, ಇಲ್ಲಾ ಎರಡನ್ನು ಒಟ್ಟಿಗೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ ತಂದು ಚುಚ್ಚುವವರಿದ್ದಾರೆ. ಪ್ರಾಣಿಗಳಿಗೆ ಆ ಔಷಧವನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ. ಅದನ್ನು ಚುಚ್ಚಿಸಿಕೊಂಡು ಸತ್ತ ದನಗಳನ್ನು ತಿಂದೇ ರಣಹದ್ದುಗಳು ಬಹುಪಾಲು ಅಳಿದವು. ಇನ್ನೊಂದು ಮಾತು. ಔಷಧ ನೋವು ಕಡಿಮೆ ಮಾಡಿದಾಗ ಕುದುರೆ ಕಾಲು ಜೋರಾಗಿ ಊರುತ್ತದೆ, ಹರಿದ ಹುರಿ ಇನ್ನಷ್ಟು ಹರಿಯುತ್ತದೆ. ಬಿಜಲಿಗೆ ಆದದ್ದು ಇದೇ.

ಲಾಯದ ದಿನಗಳು

ಎಲ್ಲಕ್ಕಿಂತ ಕಷ್ಟದ ಕಾಲ ಇದು. ಓಡಲು ಹುಟ್ಟಿದ ಪ್ರಾಣಿಯನ್ನು ನಾಲ್ಕು ಗೋಡೆಯೊಳಗೆ ವಾರಗಟ್ಟಲೆ ನಿಲ್ಲಿಸಬೇಕು.

ಜಾಗ ತಿರುಗಿ ಮಲಗುವಷ್ಟು ಇರಲಿ. ಮುಂದೊಂದು ಹಿಂದೊಂದು ಹಗ್ಗ ಹಾಕಿ ಕಾಲು ಬಿಗಿಯುವ ಪದ್ಧತಿಯನ್ನು ಈ ದಿನಗಳಲ್ಲಾದರೂ ಬಿಡಿ. ಫರಸಿ ನೆಲವಾದರೆ ಅರ್ಧ ಅಡಿ ಹುಲ್ಲು ಅಥವಾ ಮರದ ಹೊಟ್ಟು ಹರಡಿ. ಒದ್ದೆಯಾದದ್ದನ್ನು ದಿನಾ ತೆಗೆಯಿರಿ, ಇಲ್ಲದಿದ್ದರೆ ಗೊರಸಿನ ತಳ ಕೊಳೆಯುತ್ತದೆ. ಒಳ್ಳೆಯ ಕಾಲಿಗೂ ಪಟ್ಟಿ ಕಟ್ಟಿ, ಅದರ ಗೊರಸಿನ ನಾಡಿಯನ್ನೂ ದಿನಾ ನೋಡಿ. ಭಾರವೆಲ್ಲ ಅದರ ಮೇಲೇ ಬಿದ್ದು ಅದೂ ಕೆಡುವುದುಂಟು.

ಕೆಲಸ ನಿಂತ ದಿನವೇ ದಾಣಿ ಇಳಿಸಿ. ಕಡಲೆ, ಹುರುಳಿ ಒಂದು ಮುಷ್ಟಿಗೆ ಸಾಕು. ಮರುಕಪಟ್ಟು ಜಾಸ್ತಿ ಹಾಕುತ್ತೇವೆ, ಅಲ್ವಾ? ಕೆಲಸವಿಲ್ಲದ ಮೈಗೆ ಅದು ಉರಿಯಾಗಿ ತಿರುಗುತ್ತದೆ. 350 ಕಿಲೊ ತೂಕದ ಕುದುರೆಗೆ ದಿನಕ್ಕೆ 6–7 ಕಿಲೊ ಒಣ ಮೇವು ಬೇಕು. ಒಣ ಹುಲ್ಲಿನ ಜೊತೆ ಸಣ್ಣಗೆ ಕತ್ತರಿಸಿದ ಜೋಳದ ಕಣಕಿಯನ್ನು (ಒಣಗಿದ ದಂಟನ್ನು) ನಾಲ್ಕೈದು ಸಲ ಹಂಚಿ ಕೊಟ್ಟರೆ ಹೊತ್ತೂ ಹೋಗುತ್ತದೆ. ಎಳೆ ಜೋಳದ ಹಸಿ ದಂಟು, ಕೂಳೆ ಚಿಗುರು ಬೇಡ, ಅದರಲ್ಲಿ ವಿಷವಿದೆ. ನೀರು ಸದಾ ಮುಂದಿರಲಿ, ಪಕ್ಕದಲ್ಲಿ ಉಪ್ಪಿನ ಗಟ್ಟಿ ಇಡಿ. ನಿಂತ ಕುದುರೆಗೆ ಮಲ ಗಟ್ಟಿಯಾಗಿ ಹೊಟ್ಟೆನೋವು ಬರುವುದು ಬೇಗ. ದಿನಕ್ಕೆ ಎಷ್ಟು ಲದ್ದಿ ಹಾಕಿತು ಅಂತ ಎಣಿಸಿ. ಲದ್ದಿ ನಿಂತು, ಮುಂಗಾಲಿನಿಂದ ನೆಲ ಕೆರೆಯುತ್ತಾ ಪಕ್ಕೆ ತಿರುಗಿ ನೋಡುತ್ತಿದ್ದರೆ ಕೂಡಲೇ ಡಾಕ್ಟರು ಬೇಕು.

ಒಂಟಿಯಾಗಿ ಬಿಡಬೇಡಿ. ಕುದುರೆ ಹಿಂಡಿನ ಪ್ರಾಣಿ. ನಾವು ಬಿಜಲಿಯ ಎದುರಿಗೆ ಒಂದು ಆಡು ಕಟ್ಟಿದೆವು. ಎರಡು ದಿನದಲ್ಲಿ ಗೋಡೆ ಒದೆಯುವುದು ನಿಂತಿತು. ದಿನಾ ಮೈ ಉಜ್ಜಿ, ಹತ್ತಿರ ಕೂತು ಮಾತಾಡಿಸಿ.

ಮತ್ತೆ ನಡಿಗೆ

ಹುರಿಯ ಪೆಟ್ಟಿನಲ್ಲಿ ಕುಂಟು ಎರಡು ಮೂರು ವಾರದಲ್ಲಿ ಕಾಣದಂತಾಗುತ್ತದೆ. ಒಳಗಿನ ಎಳೆಗಳು ಸರಿಯಾಗಿ ಹೆಣೆದುಕೊಳ್ಳಲು 9ರಿಂದ 12 ತಿಂಗಳು ಬೇಕು. ಇವೆರಡರ ನಡುವಿನ ಕಾಲದಲ್ಲಿ ಕುದುರೆ ಚೆನ್ನಾಗಿ ಕಾಣುತ್ತದೆ, ಬಾಡಿಗೆಗೆ ಕೇಳುವವರು ಬರುತ್ತಾರೆ, ಕಾಲು ಮತ್ತೆ ಹೋಗುತ್ತದೆ.

ಡಾಕ್ಟರು ಹೂಂ ಅಂದ ಮೇಲೆ ಕೈಯಲ್ಲಿ ಹಗ್ಗ ಹಿಡಿದು ಗಟ್ಟಿ ನೆಲದಲ್ಲಿ ನೇರವಾಗಿ ನಡೆಸಿ. ಮೊದಲು ದಿನಕ್ಕೆ ಎರಡು ಸಲ 5 ನಿಮಿಷ, ಪ್ರತಿ ವಾರ 5 ನಿಮಿಷ ಜಾಸ್ತಿ. ನಮ್ಮ ಎರಿ (ಕಪ್ಪು ಮಣ್ಣಿನ) ಭೂಮಿಯ ಹೊಲ ಬೇಡ, ಹೂತ ಕಾಲು ಎಳೆಯುವಾಗ ಹುರಿಗೆ ಭಾರ. ಸಣ್ಣ ಸುತ್ತು ತಿರುಗಿಸುವುದೂ ಬೇಡ. ಮೂರನೇ ತಿಂಗಳ ಹೊತ್ತಿಗೆ ಹಗುರ ಸವಾರರು ಹತ್ತಿ ನಡಿಗೆ ಮಾತ್ರ ಮಾಡಿಸಬಹುದು. ನಾಲ್ಕೈದನೇ ತಿಂಗಳಲ್ಲಿ ದುಡಕಿ, ಅದೂ 5 ನಿಮಿಷದಿಂದ ಶುರು. ಓಟ ಆರೇಳು ತಿಂಗಳ ನಂತರ. ಪ್ರತಿ ಹಂತ ಏರಿಸುವ ಮೊದಲು ಅಲ್ಟ್ರಾಸೌಂಡ್ ಮಾಡಿಸಲು ಆದರೆ ಮಾಡಿಸಿ. ಪ್ರತಿದಿನ ಬೆಳಿಗ್ಗೆ, ಕೆಲಸಕ್ಕೆ ಮೊದಲು ಹುರಿಯ ಮೇಲೆ ಕೈಯಾಡಿಸಿ. ನಿನ್ನೆಗಿಂತ ಬಿಸಿ ಅನಿಸಿದರೆ ಹಿಂದಿನ ಹಂತಕ್ಕೆ ಮರಳಿ. ಕೀವಿನ ಕುದುರೆಗೆ ಇಷ್ಟು ಕಾಯಬೇಕಿಲ್ಲ, ತೂತು ಗಟ್ಟಿಯಾದರೆ ಎರಡು ಮೂರು ವಾರ ಸಾಕು. ಗೊರಸಿನ ಉರಿ ಬಂದದ್ದಕ್ಕೆ ಎಕ್ಸ್‌ರೇ ನೋಡಿ ಡಾಕ್ಟರೇ ಹೇಳಬೇಕು.

ಈ ಕಾಲದಲ್ಲಿ ನಾಲಬಂದರನ್ನು 6ರಿಂದ 8 ವಾರಕ್ಕೊಮ್ಮೆ ಕರೆಸಲೇಬೇಕು. ಗೊರಸಿನ ಮುಂದಿನ ತುದಿ ಉದ್ದ ಬೆಳೆದರೆ ಹಿಂದಿನ ಹುರಿ ಪ್ರತಿ ಹೆಜ್ಜೆಗೂ ಜಗ್ಗುತ್ತದೆ.

ಚಿಕ್ಕೋಡಿ ತಾಲೂಕಿನ ಅಂಕಲಿಯ ಕುದುರೆಗಳು ಆಷಾಢ ವಾರಿಗೆ ಆಳಂದಿಗೆ ಹೋಗಿ, ಅಲ್ಲಿಂದ ಜ್ಞಾನೇಶ್ವರರ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವುದನ್ನು ನಮ್ಮ ಕಡೆಯವರು ನೋಡಿಯೇ ಇರುತ್ತೀರಿ. ಬಿಜಲಿಯೂ ರಿಂಗಣದಲ್ಲಿ, ಅಂದರೆ ವಾರಿಯ ದಾರಿಯಲ್ಲಿ ವಾರಕರಿಗಳ ನಡುವೆ ಕುದುರೆ ಓಡಿಸುವ ಆಚರಣೆಯಲ್ಲಿ, ಓಡಲಿ ಅಂತ ನನಗೆ ಆಸೆಯಿತ್ತು. 11 ತಿಂಗಳಾದ ಮೇಲೆ ಡಾಕ್ಟರು ನಡಿಗೆ, ದುಡಕಿಗೆ ಒಪ್ಪಿದರು, ಜೋರು ಓಟಕ್ಕೆ ಒಪ್ಪಲಿಲ್ಲ. ಅಂದಿನಿಂದ ವರಾತದ ಬಾಡಿಗೆ ನಿಲ್ಲಿಸಿದ್ದೇನೆ. ಈಗ ದಿನಾ ಸಂಜೆ ನನ್ನ ಮಗಳನ್ನು ಹೊತ್ತು ಕಾಲುವೆ ದಂಡೆಯ ಮಣ್ಣು ದಾರಿಯಲ್ಲಿ ಅರ್ಧ ತಾಸು ನಡೆಯುತ್ತದೆ. ಮನೆಗೆ ಬಂದು ಜೀನು ಇಳಿಸಿದ ಕೂಡಲೇ ಮಗಳು ಬಗ್ಗಿ ಬಲಗಾಲಿನ ಹುರಿ ಮುಟ್ಟಿ ನೋಡುತ್ತಾಳೆ. “ಅಪ್ಪಾ, ತಣ್ಣಗಿದೆ” ಅನ್ನುತ್ತಾಳೆ. ಆಮೇಲೆ ಇಬ್ಬರೂ ಸೇರಿ ಕಣಕಿ ಹಾಕುತ್ತೇವೆ.