ಬಣ್ಣ ಬಿಟ್ಟು ಹೊಗೆ ಹಿಡಿದ ಮೇಲೆ: ಮಣ್ಣಿನ ಓಲೆಗಳ ವ್ಯಾಪಾರದಲ್ಲಿ ನನ್ನ ಅನುಭವ

ಟೆರ್ರಾಕೋಟಾ ಓಲೆಗೆ ಅಕ್ರಿಲಿಕ್ ಬಣ್ಣವನ್ನೂ ಅದರ ಮೇಲೊಂದು ಬಂಗಾರದ ಗೆರೆಯನ್ನೂ ಹಚ್ಚದಿದ್ದರೆ ಬೆಂಗಳೂರಿನಲ್ಲಿ ಯಾರೂ ಮುಟ್ಟಿ ನೋಡುವುದಿಲ್ಲವೆಂದು ನನ್ನ ಜೊತೆ ಈ ಕೆಲಸ ಕಲಿತವರೆಲ್ಲ ಹೇಳುತ್ತಿದ್ದರು. ಕಪ್ಪು ಹಬ್ಬಕ್ಕೂ ಮದುವೆಗೂ ಸಲ್ಲದು, ಮಸಿ ಸೀರೆಗೆ ಹತ್ತುತ್ತದೆ, ಒಮ್ಮೆ ಕೊಂಡವರು ಮತ್ತೆ ಬರುವುದಿಲ್ಲ ಎಂಬ ಮಾತುಗಳೂ ಇದ್ದವು. ಈಗ ನಾನು ಮಾರುವ ಮಾಲಿನಲ್ಲಿ ಮುಕ್ಕಾಲು ಪಾಲು ಹೊಗೆಯಲ್ಲಿ ಕಪ್ಪಾದ, ಕುಂಚವನ್ನೇ ಕಾಣದ ಓಲೆ ಮತ್ತು ಪದಕಗಳೇ ಆಗಿವೆ. ಹೇಗೆ ಮಾಡಿದೆನೆಂದು ಅದೇ ಗೆಳತಿಯರು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಮಣ್ಣು ಸೋಸುವುದು, ನಾದುವುದು, ಅಚ್ಚು ತೆಗೆಯುವುದು ನಿಮಗೆಲ್ಲ ತಿಳಿದಿರುವುದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ.

ಬಣ್ಣವನ್ನು ಬಿಡಲು ಕಾರಣ ಕಲೆಯಲ್ಲ, ಲೆಕ್ಕ. ಒಂದು ಜೊತೆ ಜುಮುಕಿಗೆ ಎರಡು ಕೈ ಬಣ್ಣ, ಗೆರೆ, ವಾರ್ನಿಷ್ ಎಂದು ಸುಮಾರು ಮುಕ್ಕಾಲು ಗಂಟೆ ಹೋಗುತ್ತಿತ್ತು. ಅದನ್ನು 180 ರೂಪಾಯಿಗೆ ಕೊಟ್ಟರೆ ಪಕ್ಕದ ಮಳಿಗೆಯವರು 150ಕ್ಕೆ ಇಡುತ್ತಿದ್ದರು; ನಾನು 150ಕ್ಕೆ ಇಳಿದರೆ ಅವರು 120. ಇನ್ನು ಬೇಸಿಗೆಯ ಬೆವರಿಗೆ ಕಿವಿಯ ಹಿಂಬದಿಯ ಬಣ್ಣ ಏಳುವುದು ಬೇರೆ. ಮೊದಲ ವರ್ಷದ ಪುಸ್ತಕ ತೆಗೆದು ನೋಡಿದಾಗ, ನನ್ನ ಕೂಲಿಯನ್ನು ಹಿಡಿಯದೆಯೇ ತಿಂಗಳಿಗೆ ನಾಲ್ಕು ಸಾವಿರ ಉಳಿದಿದ್ದರೆ ಹೆಚ್ಚು.

ಕಪ್ಪು ಮಾಡುವ ತತ್ತ್ವ ಹಳೆಯದು. ಉತ್ತರಪ್ರದೇಶದ ನಿಜಾಮಾಬಾದಿನ ಕುಂಬಾರರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಸುಟ್ಟ ಮಣ್ಣನ್ನು ಗಾಳಿಯಾಡದ ಕಡೆ ಹೊಟ್ಟಿನೊಡನೆ ಮತ್ತೆ ಕಾಯಿಸಿದರೆ ಮಸಿ ರಂಧ್ರಗಳೊಳಗೆ ಇಳಿದು ಕೂರುತ್ತದೆ. ಆದರೆ ಗಡಿಗೆಗೆ ಸಾಧ್ಯವಾದದ್ದು ಎಂಟು ಗ್ರಾಂ ತೂಗುವ ಓಲೆಗೆ ಹಾಗೆಯೇ ಸಾಧ್ಯವಾಗುವುದಿಲ್ಲ. ನನ್ನ ಮೊದಲ ಕೆಲವು ಸುಡುವಿಕೆಗಳಲ್ಲಿ ಅರ್ಧಕ್ಕರ್ಧ ಮಾಲು ಹೋಯಿತು. ಕೆಲವು ಬಿರುಕು ಬಿಟ್ಟವು, ಕೆಲವು ಚಿರತೆಯ ಮೈಯಂತೆ ಕೆಂಪು ಕಪ್ಪು ಮಚ್ಚೆಯಾದವು, ಉಳಿದವನ್ನು ಬಿಳಿ ಬಟ್ಟೆಗೆ ಉಜ್ಜಿದರೆ ಮಸಿ ಬಂತು.

ಮಸಿ ಬಿಡುವುದಕ್ಕೆ ಪರಿಹಾರ ಸಿಕ್ಕಿದ್ದು ಸುಡುವುದಕ್ಕಿಂತ ಮುಂಚಿನ ಹಂತದಲ್ಲಿ. ಅರೆ ಒಣಗಿದ ಓಲೆ ಬೆರಳಿಗೆ ತಣ್ಣಗೆ ತಾಗಬೇಕು, ಆದರೆ ಬೆರಳಚ್ಚು ಮೂಡಬಾರದು. ಆ ಹದದಲ್ಲಿ ನಯವಾದ ಕಲ್ಲಿನಿಂದಲೋ ಸ್ಟೀಲ್ ಚಮಚದ ಬೆನ್ನಿನಿಂದಲೋ ಉಜ್ಜಿ ಮೇಲ್ಮೈಯ ರಂಧ್ರಗಳನ್ನು ಮುಚ್ಚಬೇಕು. ಉಜ್ಜುವ ಮೊದಲು ನಾನು ತೆಳುವಾಗಿ ಬಳಿಯುವ ಮಣ್ಣಿನ ತಿಳಿಯಲ್ಲಿ ಏನಿದೆ ಎಂಬುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಒಂದು ಇಡೀ ಮಳೆಗಾಲ ಹಿಡಿದಿದೆ. ಮಣ್ಣನ್ನು ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನ್‌ನಲ್ಲಿ ಕೊಳ್ಳುತ್ತೇನೆ ಎಂಬಷ್ಟನ್ನು ಹೇಳಬಲ್ಲೆ. ಗಣೇಶನ ಹಬ್ಬದ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಮೂರ್ತಿಯ ಕೆಲಸವೇ ಕೆಲಸವಾದ್ದರಿಂದ ವರ್ಷಕ್ಕೆ ಬೇಕಾದಷ್ಟನ್ನು ಬೇಸಿಗೆಯಲ್ಲೇ ತಂದು ಒದ್ದೆ ಗೋಣಿಯಲ್ಲಿ ಇಡುತ್ತೇನೆ.

ಸುಡುವುದಕ್ಕೆ ಹಳೆಯ ಸಣ್ಣ ವಿದ್ಯುತ್ ಗೂಡೊಂದನ್ನು ಮೂವತ್ತೈದು ಸಾವಿರದಷ್ಟು ಕೊಟ್ಟು ತೆಗೆದುಕೊಂಡೆ. ಈ ವ್ಯಾಪಾರದಲ್ಲಿ ನಾನು ಹೂಡಿದ ದೊಡ್ಡ ಮೊತ್ತ ಅದೊಂದೇ. ನೂರು ಡಿಗ್ರಿ ದಾಟುವವರೆಗೆ ಬಾಗಿಲನ್ನು ಸ್ವಲ್ಪ ತೆರೆದೇ ಇಟ್ಟು ನೀರಿನಂಶವನ್ನು ಹೊರಗೆ ಬಿಡುತ್ತೇನೆ. 573 ಡಿಗ್ರಿಯಲ್ಲಿ ಮಣ್ಣೊಳಗಿನ ಮರಳಿನ ಹರಳು ಒಮ್ಮೆಲೇ ಹಿಗ್ಗುವುದರಿಂದ ಅದರ ಆಚೀಚೆ ಏರುವಾಗಲೂ ಇಳಿಯುವಾಗಲೂ ಆತುರ ಮಾಡುವುದಿಲ್ಲ. 750ರ ಹತ್ತಿರ ನಿಲ್ಲಿಸುತ್ತೇನೆ. ಗಟ್ಟಿಯಾಗಲೆಂದು 900ಕ್ಕೆ ಒಯ್ದು ನೋಡಿದ್ದೇನೆ. ಗಟ್ಟಿಯಾಯಿತು, ಆದರೆ ಗಂಟೆಗಟ್ಟಲೆ ಉಜ್ಜಿ ತಂದ ಹೊಳಪು ಸತ್ತಿತು.

ಹೊಗೆಯ ಹಂತವನ್ನು ವಿದ್ಯುತ್ ಗೂಡಿನಲ್ಲಿ ಮಾಡಬೇಡಿ. ಮಸಿಯು ಗೂಡಿನ ಹೀಟರ್ ಸುರುಳಿಗಳನ್ನು ಹಾಳು ಮಾಡುತ್ತದೆ. ಚಿಕ್ಕಪೇಟೆಯಲ್ಲಿ ಕೊಂಡ ಮಂದ ಸ್ಟೀಲ್ ಡಬ್ಬಿಯಲ್ಲಿ ಓಲೆಗಳನ್ನು ಹೊಟ್ಟಿನ ನಡುವೆ ಒಂದಕ್ಕೊಂದು ತಾಗದಂತೆ ಜೋಡಿಸಿ, ಮುಚ್ಚಳದ ಅಂಚಿಗೆ ಮಣ್ಣು ಮೆತ್ತಿ, ಇದ್ದಲಿನ ಒಲೆಯಲ್ಲಿ ಕಾಯಿಸುತ್ತೇನೆ. ಸತುವಿನ ಲೇಪದ ತಗಡಿನ ಡಬ್ಬಿ ಅಗ್ಗವೆಂದು ಅತ್ತ ಹೋಗಬೇಡಿ, ಅದರ ಹೊಗೆ ಮೈಗೆ ಒಳ್ಳೆಯದಲ್ಲ. ಮಚ್ಚೆ ಬೀಳಲು ಕಾರಣ ಮುಚ್ಚಳದ ಸಂದು. ಅಲ್ಲಿ ಗಾಳಿ ನುಗ್ಗಿದರೆ ಕೂತ ಮಸಿಯೇ ಉರಿದು ಮಣ್ಣು ಮತ್ತೆ ಕೆಂಪಾಗುತ್ತದೆ. ಡಬ್ಬಿ ಪೂರ್ತಿ ಆರುವ ಮೊದಲು ತೆರೆದರೂ ಒಳಗಿನ ಇದ್ದಲು ಹೊತ್ತಿಕೊಂಡು ಅದೇ ಗತಿ. ಮೊದಲು ಇದನ್ನು ಮನೆಯ ತಾರಸಿಯಲ್ಲಿ ಮಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ತಮ್ಮ ಹಪ್ಪಳಕ್ಕೆಲ್ಲ ಹೊಗೆಯ ವಾಸನೆ ಬಂತೆಂದು ನ್ಯಾಯವಾಗಿಯೇ ಬೈದ ಮೇಲೆ ಪರಿಚಯದ ಕುಂಬಾರರೊಬ್ಬರ ಅಂಗಳದಲ್ಲಿ ಒಂದು ಸುಡುವಿಕೆಗೆ ಇನ್ನೂರು ರೂಪಾಯಿ ಕೊಟ್ಟು ಮಾಡುತ್ತಿದ್ದೇನೆ.

ಹೊಟ್ಟಿನ ವಿಷಯದಲ್ಲಿ ನಾನು ಆಡಿದ ಆಟಕ್ಕೆ ಲೆಕ್ಕವಿಲ್ಲ. ಮರದ ಹೊಟ್ಟು ಸಮನಾದ ಕಪ್ಪು ಕೊಡುತ್ತದೆ, ಆದರೆ ಪ್ಲೈವುಡ್ ಅಂಗಡಿಯ ಹೊಟ್ಟಿನಲ್ಲಿ ಅಂಟು ಇರುವುದರಿಂದ ಕಣ್ಣುರಿ. ಭತ್ತದ ಹೊಟ್ಟು ನನ್ನ ಕೈಯಲ್ಲಿ ಬೂದುಗಪ್ಪಾಗಿ ಬಂತು. ಹಾಸನದ ಕಡೆಯಿಂದ ನೆಂಟರು ತಂದ ಕಾಫಿ ಹೊಟ್ಟಿನಲ್ಲಿ ಬಂದ ಬಣ್ಣ ನೀಲಿ ಛಾಯೆಯ ಕಪ್ಪು. ಅದು ಬಲು ಚೆನ್ನಾಗಿತ್ತು, ಎರಡನೆಯ ಸಲ ಬರಲೇ ಇಲ್ಲ. ತೆಂಗಿನ ನಾರಿನಲ್ಲಿ ಎಳೆಯೆಳೆಯಾದ ಗೆರೆ ಬೀಳುತ್ತದೆ, ದೊಡ್ಡ ಪದಕಗಳಿಗೆ ಮಾತ್ರ ಬಳಸುತ್ತೇನೆ. ಈಗ ಮಾಡುವ ಮಿಶ್ರಣದಲ್ಲಿ ಎರಡು ಬಗೆಯ ಹೊಟ್ಟಿದೆ, ಅಳತೆ ನನ್ನಲ್ಲೇ ಇರಲಿ.

ಕೊಕ್ಕೆಯ ಬಗ್ಗೆ ಯಾರೂ ಸಾಕಷ್ಟು ಬರೆಯುವುದಿಲ್ಲ, ಆದರೆ ನನ್ನ ವಾಪಸಾತಿಗಳಲ್ಲಿ ಹೆಚ್ಚಿನವು ಅದರಿಂದಲೇ ಬಂದವು. ಮಾಮೂಲುಪೇಟೆಯಲ್ಲಿ ಸಗಟಿಗೆ ಸಿಗುವ ಅಗ್ಗದ ಕೊಕ್ಕೆಗಳ ಲೇಪದಲ್ಲಿ ನಿಕ್ಕಲ್ ಇದ್ದರೆ ಹಲವರ ಕಿವಿ ತುರಿಸಿ ಕೀವಾಗುತ್ತದೆ, ಬೈಗುಳ ಮಾತ್ರ ಮಣ್ಣಿಗೆ. ಈಗ 316ಎಲ್ ದರ್ಜೆಯ ಸ್ಟೀಲ್ ಕೊಕ್ಕೆಯನ್ನೇ ಹಾಕುತ್ತೇನೆ. ಒಂದು ಜೊತೆ ಕೊಕ್ಕೆಗೆ ಎರಡು ರೂಪಾಯಿ ಇದ್ದದ್ದು ಒಂಬತ್ತಾಯಿತು, ತುರಿಕೆಯ ದೂರು ಬಹುತೇಕ ನಿಂತಿತು. ಕೊಕ್ಕೆ ಸಿಕ್ಕಿಸಲು ಮಣ್ಣಿನೊಳಗೆ ಹೂಳುವ ಸಣ್ಣ ಕುಣಿಕೆಗೆ ತಾಮ್ರದ ತಂತಿ ಬೇಡ, ಗೂಡಿನಲ್ಲಿ ಹೊಪ್ಪಳೆ ಎದ್ದು ಪುಡಿಯಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಹೀಟರ್ ಸುರುಳಿಗೆಂದು ಮಾರುವ ನೈಕ್ರೋಮ್ ತಂತಿ ಇದಕ್ಕೆ ಸರಿ.

ಒಂದು ಜೊತೆ ಜುಮುಕಿಯ ಅಸಲು ಈಗ ಹೀಗಿದೆ: ಮಣ್ಣು ಒಂದು ರೂಪಾಯಿಗೂ ಕಡಿಮೆ, ಕೊಕ್ಕೆ ಒಂಬತ್ತು, ಕರೆಂಟು, ಇದ್ದಲು ಮತ್ತು ಅಂಗಳದ ಬಾಡಿಗೆ ಸೇರಿ ಆರೇಳು, ಓಲೆ ಇಟ್ಟು ಕೊಡುವ ಡಬ್ಬಿ ಹದಿನಾಲ್ಕು, ಒಡೆದು ಹೋಗುವುದಕ್ಕೆಂದು ಐದು. ನನ್ನ ಕೈಕೆಲಸಕ್ಕೆ ಅರವತ್ತು ಹಿಡಿದರೂ ನೂರು ದಾಟುವುದಿಲ್ಲ, 380ಕ್ಕೆ ಮಾರುತ್ತೇನೆ. ಬೊಟಿಕ್‌ಗಳಲ್ಲಿ ನೂರಕ್ಕೆ ಮೂವತ್ತೈದು ನಲವತ್ತು ಅವರಿಗೆ ಹೋಗುವುದಲ್ಲದೆ ಹಣ ಕೈಸೇರಲು ಮೂರು ತಿಂಗಳಾಗುವುದರಿಂದ ಅದನ್ನು ಬಿಟ್ಟೆ. ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿಯವರೆಗೆ ಅಪಾರ್ಟ್‌ಮೆಂಟ್‌ಗಳಲ್ಲಿ ಮೇಜು ಹಾಕುತ್ತೇನೆ, ಬಾಡಿಗೆ ಎರಡು ಸಾವಿರದ ಸುಮಾರು. ಉಳಿದ ತಿಂಗಳುಗಳು ವಾಟ್ಸಾಪ್‌ನಲ್ಲಿ ನಡೆಯುತ್ತವೆ. ಒಳ್ಳೆಯ ತಿಂಗಳಲ್ಲಿ ಮೂವತ್ತು ಸಾವಿರದವರೆಗೆ ಕೈಗೆ ಬಂದಿದೆ, ಜೂನ್‌ನಲ್ಲಿ ಆರು ಸಾವಿರವೂ ಆಗಿದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಸುದ್ದಿ ಹಬ್ಬಿದಾಗ ಹಲವರು ಕ್ಯೂಆರ್ ಫಲಕವನ್ನೇ ಕಿತ್ತಿಟ್ಟರು. ರಾಜ್ಯದೊಳಗೆ ಬರೀ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷದ ವಹಿವಾಟು, ನಾವು ಅದರ ಹತ್ತಿರವೂ ಇಲ್ಲ. ನಾನು ವ್ಯಾಪಾರಕ್ಕೆ ಬೇರೆ ಖಾತೆ ತೆರೆದು ಫಲಕವನ್ನು ಇದ್ದಲ್ಲೇ ಇಟ್ಟೆ.

ಇನ್ನು ಕಪ್ಪಿನ ಅಮಂಗಲದ ಮಾತು. ತಾಳಿಯ ಕರಿಮಣಿಯನ್ನು ಕೊರಳಲ್ಲಿ ಧರಿಸಿಯೇ ಕಪ್ಪು ಆಗದು ಎನ್ನುವವರೊಡನೆ ನಾನು ವಾದಕ್ಕಿಳಿಯಲಿಲ್ಲ. ಮೇಜಿನ ಮೇಲೆ ಗುಳೇದಗುಡ್ಡದ ಖಣ ಹಾಸಿ ಅದರ ಮೇಲೆ ಓಲೆಗಳನ್ನು ಇಟ್ಟೆ. ಖಣದ ರವಿಕೆ, ಇಳಕಲ್ ಸೀರೆ ಉಡುವವರು ತಾವಾಗಿ ನಿಂತರು, ಮಾರಾಟ ಅಲ್ಲಿಂದ ತಿರುಗಿತು. ಇದು ಬಿದರಿಯೇ ಎಂದು ಕೇಳುವವರು ಈಗಲೂ ಇದ್ದಾರೆ. ಬಿದರಿ ಸತುವಿನ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ ಬೀದರ್ ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬೇರೆಯೇ ವಿದ್ಯೆಯೆಂದು ಹೇಳಿ, ನನ್ನ ಓಲೆಯನ್ನು ಅವರ ಅಂಗೈಗೆ ಇಡುತ್ತೇನೆ. ಹಗುರವೆಂದು ಗೊತ್ತಾದ ಮೇಲೆ ಹೆಚ್ಚಿನವರು ಕೊಳ್ಳುತ್ತಾರೆ.

ಜುಲೈ ಆಗಸ್ಟ್‌ನ ತೇವದಲ್ಲಿ ಎರಡು ದಿನಕ್ಕೆ ಒಣಗಬೇಕಾದದ್ದು ವಾರ ಹಿಡಿಯುವುದರಿಂದ, ಹಬ್ಬದ ಸಾಲಿಗೆ ಬೇಕಾದ ಮುನ್ನೂರು ಜೊತೆಯನ್ನು ಮೇ ಮುಗಿಯುವ ಮೊದಲೇ ಉಜ್ಜಿ ಸುಟ್ಟಿಡುತ್ತೇನೆ. ಹೊಗೆಯ ಹಂತವನ್ನು ಮಾತ್ರ ಬೇಡಿಕೆ ನೋಡಿಕೊಂಡು ಆಮೇಲೆ ಮಾಡುತ್ತೇನೆ, ಏಕೆಂದರೆ ಕೆಂಪನ್ನೇ ಕೇಳುವವರೂ ಕೆಲವರಿದ್ದಾರೆ.