ಲೇಖಕರು ಬರುವ ಮೊದಲು ಪುಸ್ತಕ ಬರಬೇಕು: ಶಾಲಾ ಗ್ರಂಥಪಾಲಕರಿಗೆ

ಪುಸ್ತಕ ಓದದ ಮಕ್ಕಳ ಮುಂದೆ ಲೇಖಕರನ್ನು ಕೂರಿಸಿದರೆ ಅದು ಇನ್ನೊಂದು ಭಾಷಣ, ಅಷ್ಟೇ. ಓದಿದ ಮಕ್ಕಳ ಮುಂದೆ ಕೂರಿಸಿ ನೋಡಿ: ‘ಆ ನಾಯಿಮರಿ ಕೊನೆಗೂ ಯಾಕೆ ವಾಪಸ್ ಬರಲಿಲ್ಲ?’ ಎಂದು ನಾಲ್ಕನೇ ಕ್ಲಾಸಿನ ಹುಡುಗಿ ಜಗಳಕ್ಕೇ ನಿಲ್ಲುತ್ತಾಳೆ. ಅಂಥ ಜಗಳ ಹುಟ್ಟಬೇಕಾದರೆ ಆರು ವಾರದ ತಯಾರಿ ಬೇಕು.

ಮೊದಲು ದಿನ ಗೊತ್ತುಮಾಡಿ. ನವೆಂಬರ್ 14ಕ್ಕೆ ಎಲ್ಲ ಶಾಲೆಗಳೂ ಕರೆಯುತ್ತವೆ, ಆ ತಿಂಗಳಿಡೀ ರಾಜ್ಯೋತ್ಸವದ ಕಾರ್ಯಕ್ರಮಗಳೂ ಇರುತ್ತವೆ. ಆಗಸ್ಟ್ 12ರ ಆಸುಪಾಸು ವಾಸಿ. ಅದು ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರ ಜನ್ಮದಿನ, ಗ್ರಂಥಪಾಲಕರ ದಿನ. ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂದು 1931ರಲ್ಲೇ ಬರೆದವರು ಅವರು. 1962ರಲ್ಲಿ ಗ್ರಂಥಾಲಯ ವಿಜ್ಞಾನದ ಡಿಆರ್‌ಟಿಸಿ ಕೇಂದ್ರವನ್ನು ಕಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ. ಜೂನ್‌ನಲ್ಲಿ ತರಗತಿ ಶುರುವಾದರೆ ಓದಿಗೂ ಕಾಲ ಸಿಗುತ್ತದೆ. ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ಟ್ರಾಫಿಕ್ ದಾಟಿ ಬರಬೇಕಾದವರನ್ನು ಬೆಳಗಿನ ಅಸೆಂಬ್ಲಿಗೆ ಕರೆಯಬೇಡಿ. 11 ಗಂಟೆಗೆ ಇಟ್ಟುಕೊಳ್ಳಿ.

ಲೇಖಕರ ನಂಬರ್ ಇಲ್ಲದಿದ್ದರೆ ಪುಸ್ತಕದ ಮೊದಲ ಪುಟಗಳಲ್ಲಿ ಪ್ರಕಾಶಕರ ವಿಳಾಸ ಇರುತ್ತದೆ, ಅವರ ಮೂಲಕ ಕೇಳಿ. ಮೊದಲ ಪತ್ರದಲ್ಲೇ ಎಲ್ಲ ಬರೆಯಿರಿ: ಯಾವ ತರಗತಿ, ಎಷ್ಟು ಮಕ್ಕಳು, ಅವರ ಯಾವ ಪುಸ್ತಕ ಓದಿಸುತ್ತಿದ್ದೀರಿ, ಎಷ್ಟು ಹೊತ್ತು, ಕಾರು ಕಳಿಸುತ್ತೀರಾ, ಗೌರವಧನ ಎಷ್ಟು. ದುಡ್ಡಿನ ಮಾತು ಎತ್ತಲು ಸಂಕೋಚಪಟ್ಟು ಕೊನೆಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ತಪ್ಪು. ಅರ್ಧ ದಿನದ ಕೆಲಸ ಬಿಟ್ಟು ಬರುವವರಿಗೆ ಶಾಲು ಸಂಭಾವನೆಯಲ್ಲ.

ಇನ್ನು ಓದಿಸುವುದು. 40 ಮಕ್ಕಳ ಸೆಕ್ಷನ್ನಿಗೆ ಐದು ಪ್ರತಿ ಇದ್ದರೆ ಎಂಟೆಂಟು ಮಕ್ಕಳ ಗುಂಪಿಗೆ ಒಂದೊಂದು. ಅಷ್ಟೂ ಇಲ್ಲದಿದ್ದರೆ ದಿನಕ್ಕೆ ಹತ್ತು ನಿಮಿಷ ನೀವೇ ಗಟ್ಟಿಯಾಗಿ ಓದಿ. ಮೂರು ವಾರದ 15 ಶಾಲಾ ದಿನಗಳಿಗೆ 150 ನಿಮಿಷವಾಯಿತು, ತೆಳ್ಳಗಿನ ಮಕ್ಕಳ ಕಾದಂಬರಿಯೊಂದು ಮುಗಿಯುತ್ತದೆ. ಪುಸ್ತಕವನ್ನು ಪೂರ್ತಿ ಜೆರಾಕ್ಸ್ ಮಾಡಿಸಬೇಡಿ. ಬರೆದವರನ್ನೇ ಮನೆಗೆ ಕರೆದು ಅವರ ಕೃತಿಸ್ವಾಮ್ಯ ಮುರಿದಂತಾಗುತ್ತದೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ ಎಂಬ ಮಕ್ಕಳ ಕತೆಗಳ ಜಾಲತಾಣದಲ್ಲಿ ಅವರ ಕತೆ ಇದ್ದರೆ ಮುಕ್ತ ಪರವಾನಗಿಯಲ್ಲಿ ಮುದ್ರಿಸಿಕೊಳ್ಳಬಹುದು. ಬೆಂಗಳೂರಿನ ತರಗತಿಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಆಗಿರುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗಾಗಿ ಕತೆಯ ಹತ್ತು ಕಷ್ಟದ ಪದಗಳನ್ನು ಚಾರ್ಟಿನಲ್ಲಿ ಬರೆದು ಒಂದು ವಾರ ಮೊದಲೇ ತೂಗುಹಾಕಿ. ಲೇಖಕರು ಮಾತಾಡುವಾಗ ಪಕ್ಕದಲ್ಲಿ ನಿಂತು ಸಾಲುಸಾಲಿಗೂ ಅನುವಾದ ಮಾಡಿದರೆ ಕತೆಯ ಓಟವೇ ನಿಂತುಹೋಗುತ್ತದೆ.

ಪ್ರಶ್ನೆಗಳನ್ನು ಮಕ್ಕಳೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಹನ್ನೆರಡನ್ನು ಆರಿಸಿ, ಆದರೆ ತಿದ್ದಬೇಡಿ. ಟೀಚರ್ ಬರೆದುಕೊಟ್ಟ ‘ತಮಗೆ ಸ್ಫೂರ್ತಿ ಯಾರು?’ ಎಂಬ ಪ್ರಶ್ನೆಗೆ ಲೇಖಕರು ಎಷ್ಟು ಸಲ ಉತ್ತರಿಸಿರುತ್ತಾರೋ. ‘ಅಜ್ಜಿಗೆ ಯಾಕೆ ಹೆಸರೇ ಇಟ್ಟಿಲ್ಲ?’ ಎಂದು ಕೇಳಿದರೆ ಅವರೂ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಾರೆ.

ಎರಡು ಸೆಕ್ಷನ್, ಹೆಚ್ಚೆಂದರೆ 80 ಮಕ್ಕಳು. ಇಡೀ ಶಾಲೆಯನ್ನು ಮೈದಾನದಲ್ಲಿ ಕೂರಿಸಿದರೆ ಹಿಂದಿನ ಸಾಲು ಮಣ್ಣಿನಲ್ಲಿ ಗೆರೆ ಎಳೆಯುತ್ತಿರುತ್ತದೆ. ಜಮಖಾನ ಹಾಸಿ ಅರ್ಧಚಂದ್ರಾಕಾರದಲ್ಲಿ ಕೂರಿಸಿ. ಒಂದರಿಂದ ಮೂರನೇ ತರಗತಿಗೆ ಬೇರೆ, 25 ನಿಮಿಷ ಸಾಕು. ದೊಡ್ಡವರಿಗೆ ಸ್ವಾಗತ 5 ನಿಮಿಷ, ಲೇಖಕರ ಓದು 15, ಪುಸ್ತಕ ಹುಟ್ಟಿದ ಬಗೆ 10, ಪ್ರಶ್ನೆ 20. ಪ್ರಾರ್ಥನೆ, ದೀಪ, ಅತಿಥಿ ಪರಿಚಯ, ಮುಖ್ಯೋಪಾಧ್ಯಾಯರ ಮಾತು ಎಲ್ಲ ಸೇರಿದರೆ ಅರ್ಧ ಗಂಟೆ ನುಂಗುತ್ತದೆ, ಕಡಿತ ಬೀಳುವುದು ಮಾತ್ರ ಪ್ರಶ್ನೆಗಳಿಗೆ. ಮೈಕನ್ನು ಹಿಂದಿನ ದಿನವೇ, ಫ್ಯಾನ್ ಹಾಕಿಕೊಂಡು ಪರೀಕ್ಷಿಸಿ. ಮೈಕಿಗೆ ಬೇರೆ ಬ್ಯಾಟರಿ ಸೆಲ್ ಇಟ್ಟುಕೊಳ್ಳಿ. ಗೇಟಿನ ಸೆಕ್ಯುರಿಟಿಯವರಿಗೆ ಲೇಖಕರ ಹೆಸರು ಹೇಳಿಡಿ. ತರಗತಿಯ ಟೀಚರ್ ಉದ್ದಕ್ಕೂ ಮಕ್ಕಳ ಜೊತೆಗೇ ಇರಲಿ.

ಸಹಿಯ ಲೆಕ್ಕ ತಪ್ಪುವುದು ಸಾಮಾನ್ಯ. ಒಬ್ಬರಿಗೆ ಅರ್ಧ ನಿಮಿಷ ಎಂದರೂ 80 ಮಕ್ಕಳಿಗೆ 40 ನಿಮಿಷ ಬೇಕು. ಕೊಳ್ಳುವವರ ಪಟ್ಟಿ ಮೊದಲೇ ಮಾಡಿ, ಪುಸ್ತಕದೊಳಗೆ ಮಗುವಿನ ಹೆಸರಿನ ಚೀಟಿ ಇಟ್ಟು, ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುವಾಗ ಸಹಿ ಹಾಕಿಸಿ. ಕೊಳ್ಳಲಾಗದ ಮಕ್ಕಳು ಬರಿಗೈಯಲ್ಲಿ ನಿಲ್ಲಬಾರದು. ಅವರೇ ಬಣ್ಣ ಹಚ್ಚಿದ ಬುಕ್‌ಮಾರ್ಕ್‌ಗಳಿಗೂ ಸಹಿ ಇರಲಿ.

ಮರುದಿನದಿಂದ ಎರವಲು ರಿಜಿಸ್ಟರ್ ತುಂಬುತ್ತದೆ. ಆ ಲೇಖಕರ ಪುಸ್ತಕಗಳನ್ನೆಲ್ಲ ಎರಡು ವಾರ ಮೇಜಿನ ಮೇಲೇ ಬಿಡಿ. ಗ್ರಂಥಾಲಯಕ್ಕೆಂದು ಸಹಿ ಹಾಕಿಕೊಟ್ಟ ಪ್ರತಿಯನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಪ್ಲಾಸ್ಟಿಕ್ ರಟ್ಟು ಹಾಕಿ, ನಂಬರ್ ಬರೆದು, ಮೊದಲು ಕೇಳಿದ ಮಗುವಿಗೆ ಕೊಡಿ.