ಹೆಸರಿಲ್ಲದ ಪೊಟ್ಟಣದ ಕಾಳು ಯಾವುದು? ನಾನು ಪತ್ತೆ ಮಾಡುವ ರೀತಿ

ನಮ್ಮ ಮನೆಗೆ ಮಸಾಲೆ ಸಾಮಾನು ಒಂದೇ ಕಡೆಯಿಂದ ಬರುವುದಿಲ್ಲ. ಹುಬ್ಬಳ್ಳಿಯಿಂದ ಅಕ್ಕ ಕಳಿಸುತ್ತಾಳೆ, ಶಿರಸಿಯಿಂದ ಅತ್ತೆ ಕಟ್ಟಿಕೊಡುತ್ತಾರೆ, ಉಳಿದದ್ದು ಬೆಂಗಳೂರಿನ ಅಂಗಡಿಯದು. ಯಾವ ಪೊಟ್ಟಣದ ಮೇಲೂ ಹೆಸರಿಲ್ಲ. ಫೋನ್ ಮಾಡಿ ಕೇಳಿದರೆ ಅಕ್ಕ, "ಅದ, ಜೀರಗಿ ಗತೆ ಇರ್ತೈತಲ್ಲ" ಅಂತಾಳೆ. ಜೀರಿಗೆ ಥರ ಇರುವವು ಒಂದಾ ಎರಡಾ! ಶಾಜೀರಿಗೆ, ಸೋಂಪು, ಓಂಕಾಳು, ಸಬ್ಬಸಿಗೆ ಬೀಜ, ಎಲ್ಲವೂ ಜೀರಿಗೆಯ ಕುಟುಂಬದವೇ. ಮೈಮೇಲೆ ಅದೇ ಗೆರೆಗಳು.

ಅದಕ್ಕೇ ನಾನು ಕಣ್ಣಿಗಿಂತ ಮೂಗನ್ನು ಜಾಸ್ತಿ ನಂಬುತ್ತೇನೆ. ಇಡೀ ಕಾಳನ್ನು ಸುಮ್ನೆ ಮೂಸಿದರೆ ಪ್ರಯೋಜನವಿಲ್ಲ, ಪರಿಮಳದ ಎಣ್ಣೆ ಒಳಗಿರುತ್ತದೆ. ನಾಲ್ಕು ಕಾಳು ಅಂಗೈಗೆ ಹಾಕಿ ಹೆಬ್ಬೆರಳಿನಿಂದ ಗಟ್ಟಿಯಾಗಿ ತಿಕ್ಕಬೇಕು. ಓಂಕಾಳು ತಕ್ಷಣ ಸಿಕ್ಕಿಬೀಳುತ್ತದೆ, ಅದರಲ್ಲಿರುವ ಥೈಮಾಲ್‌ನ ಘಾಟು ಮೂಗಿಗೆ ಹೊಡೆಯುತ್ತದೆ. ಸೋಂಪಿನದು ಸಿಹಿ ವಾಸನೆ. ಶಾಜೀರಿಗೆ ಜೀರಿಗೆಗಿಂತ ಸಣಕಲು, ಬಣ್ಣ ಗಾಢ, ಸ್ವಲ್ಪ ಬಾಗಿರುತ್ತದೆ. ಸಬ್ಬಸಿಗೆ ಬೀಜ ಚಪ್ಪಟೆ, ಅಂಚು ತಿಳಿ ಬಣ್ಣ, ತಿಕ್ಕಿದರೆ ಸೊಪ್ಪಿನ ಪರಿಮಳವೇ ಬರುತ್ತದೆ.

ಕಪ್ಪು ಕಾಳುಗಳದ್ದೇ ತಲೆನೋವು. ಹುಚ್ಚೆಳ್ಳು (ಅಕ್ಕನಿಗೆ ಗುರೆಳ್ಳು) ಉದ್ದಕ್ಕೆ ಹೊಳೆಯುತ್ತದೆ, ಕರಿ ಎಳ್ಳು ಚಪ್ಪಟೆ ಹನಿಯಂತಿರುತ್ತದೆ. ಕಲೋಂಜಿ ಮತ್ತು ಈರುಳ್ಳಿ ಬೀಜ ಮಾತ್ರ ಅವಳಿ ಮಕ್ಕಳು. ತಿಕ್ಕಿದಾಗ ಘಮ್ಮೆಂದರೆ ಕಲೋಂಜಿ, ಈರುಳ್ಳಿ ಬೀಜಕ್ಕೆ ಆ ಘಮ ಇಲ್ಲ. ಒಂದು ಮಾತು: ಬಿತ್ತನೆ ಬೀಜದ ಅಂಗಡಿಯಿಂದ ಬಂದದ್ದಾದರೆ ಅಡುಗೆಮನೆಗೆ ತರಲೇಬೇಡಿ, ಅದಕ್ಕೆ ಔಷಧಿ ಸವರಿರುತ್ತಾರೆ.

ಮೂಗಿಗೆ ಏನೂ ಸಿಗದಿದ್ದರೆ ಒಂದು ಲೋಟ ನೀರು. ಕಾಮಕಸ್ತೂರಿ ಬೀಜ ಕೆಲವೇ ನಿಮಿಷದಲ್ಲಿ ಉಬ್ಬಿ ಸುತ್ತ ಲೋಳೆ ಕಟ್ಟುತ್ತದೆ. ಚಿಯಾ ಕೂಡ ಲೋಳೆಯಾಗುತ್ತದೆ, ಆದರೆ ನಿಧಾನ, ಮತ್ತು ಒಣಗಿದ್ದಾಗ ಅದರ ಮೇಲೆ ಬೂದು ಚುಕ್ಕೆ ಇರುತ್ತದೆ. ಕೆಂಪು ಕಂದು ಬಣ್ಣದ್ದು ಲೋಳೆಯಾದರೆ ಅಳವಿ, ಬಾಣಂತಿಯರಿಗೆ ಉಂಡೆ ಮಾಡಿಕೊಡುತ್ತಾರಲ್ವಾ, ಅದು.

ಬಾಯಿಗೆ ಹಾಕುವುದು ಕೊನೆಗೆ, ಅದೂ ಮನೆಯವರೇ ಅಡುಗೆಗೆಂದು ಕೊಟ್ಟದ್ದಾದರೆ ಮಾತ್ರ. ಅತ್ತೆ ಕೊಟ್ಟ ಜುಮ್ಮನಕಾಯಿ ಗುರುತು ಸಿಕ್ಕಿದ್ದು ಹಾಗೆಯೇ. ಬಿರಿದ ಸಿಪ್ಪೆ, ಒಳಗೆ ಹೊಳೆಯುವ ಕರಿ ಬೀಜ. ಸಿಪ್ಪೆಯ ಚೂರು ನಾಲಿಗೆಗೆ ಇಟ್ಟರೆ ಜುಮ್ ಅನ್ನುತ್ತದೆ. ಕೊಂಕಣಿಯವರು ಮೀನಿನ ಸಾರಿಗೆ ಹಾಕುವ ತೆಪ್ಪಲ್ ಇದೇ. ಬೇಕಾದದ್ದು ಸಿಪ್ಪೆ, ಬೀಜ ಎಸೆಯಬೇಕು.

ಸಾಸಿವೆಯನ್ನು ಮಾತ್ರ ಕಣ್ಣಿಟ್ಟೇ ನೋಡುತ್ತೇನೆ. ಹಳದಿ ಹೂವಿನ ಮುಳ್ಳುಗಿಡ ಅರಿಶಿನ ದತ್ತೂರಿಯ ಬೀಜ ಅದರೊಳಗೆ ಸೇರಿಕೊಳ್ಳಬಹುದು. ಸಾಸಿವೆ ನುಣುಪು, ಒಡೆದರೆ ಒಳಗೆ ಹಳದಿ. ದತ್ತೂರಿಯದು ಒರಟು, ಒಳಗೆ ಬಿಳಿ. 1998ರಲ್ಲಿ ದೆಹಲಿಯಲ್ಲಿ ಈ ಬೀಜದ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು ಎಷ್ಟೋ ಜನ ಸತ್ತರು, ಹಾಗಾಗಿ ಅನುಮಾನ ಬಂದರೆ ಇಡೀ ಪೊಟ್ಟಣ ಕಸಕ್ಕೆ.

ಇಷ್ಟಾದರೂ ಗೊತ್ತಾಗದಿದ್ದರೆ ಅತ್ತೆಗೆ ಫೋಟೊ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಒಡೆದ ಕಾಳೂ ಒಂದಿರಲಿ. ಬರೀ ಕಾಳಿನ ಫೋಟೊ ಕಳಿಸಿದರೆ ಅವರು ಮೊದಲು ಕೇಳುವುದೇ "ಎಷ್ಟು ದೊಡ್ಡದು?" ಅಂತ.